ಪಟ್ಟಿಯಲ್ಲಿ ಇಲ್ಲದ ಪ್ರೊಫೆಸರ್

ಮೊದಲೇ ಒಂದು ವಿಷಯ ಒಪ್ಕೊಂಡ್‌ಬಿಡ್ತೀನಿ. ನಾನು ಓದಿದ್ದು ಬಿ.ಕಾಂ. ಹತ್ತನೇ ಕ್ಲಾಸ್ ಆದ್ಮೇಲೆ ಕಾಮರ್ಸ್ ತಗೊಂಡಿದ್ದೇ ಕೆಮಿಸ್ಟ್ರಿ ಕಾಟ ತಪ್ಪಲಿ ಅಂತ. ಅಂಥಾದ್ರಲ್ಲಿ ಇವತ್ತು ಒಬ್ಬ ಆರ್ಗ್ಯಾನಿಕ್ ಕೆಮಿಸ್ಟ್ ಕಥೆ ಹೇಳ್ತಿದೀನಿ. ಯಾಕೆ ಗೊತ್ತಾ? ಅಕೌಂಟ್ಸ್‌ನಲ್ಲಿ ನಮಗೊಂದು ಪಾಠ ಇತ್ತು: ಕಂಪನಿ ತಾನೇ ವರ್ಷಗಟ್ಟಲೆ ದುಡಿದು ಗಳಿಸಿದ ಗುಡ್‌ವಿಲ್ ಅನ್ನು ಬ್ಯಾಲೆನ್ಸ್ ಶೀಟ್‌ನಲ್ಲಿ ತೋರಿಸೋ ಹಾಗಿಲ್ಲ. ಅದು ಇದೆ, ಎಲ್ಲರಿಗೂ ಗೊತ್ತು, ಆದ್ರೆ ಪುಸ್ತಕದಲ್ಲಿ ಇಲ್ಲ. ದರ್ಶನ್ ರಂಗನಾಥನ್ ಬಗ್ಗೆ ಓದಿದಾಗ ನಂಗೆ ನೆನಪಾಗಿದ್ದು ಇದೇ ಪಾಠ.

ದರ್ಶನ್ ಹುಟ್ಟಿದ್ದು 1941ರ ಜೂನ್ 4ರಂದು, ದೆಹಲಿಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಟಿ.ಆರ್. ಶೇಷಾದ್ರಿ ಅವರ ಮಾರ್ಗದರ್ಶನದಲ್ಲಿ 1967ರಲ್ಲಿ ಪಿಎಚ್‌ಡಿ ಮುಗಿಸಿದರು. ಮಿರಾಂಡಾ ಹೌಸ್ ಕಾಲೇಜಿನಲ್ಲಿ ಪಾಠ ಮಾಡಿ, ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯೂ ಆದರು. ಆಮೇಲೆ ಸ್ಕಾಲರ್‌ಶಿಪ್ ಪಡೆದು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಅಲ್ಲಿ ಅವರು ಕೆಲಸ ಮಾಡಿದ್ದು ಡೆರೆಕ್ ಬಾರ್ಟನ್ ಜೊತೆ. ಹೌದು, 1969ರಲ್ಲಿ ನೊಬೆಲ್ ಪಡೆದ ಬಾರ್ಟನ್.

1970ರಲ್ಲಿ ಮದುವೆ. ಪತಿ ಸುಬ್ರಮಣ್ಯ ರಂಗನಾಥನ್ ಕೂಡ ಆರ್ಗ್ಯಾನಿಕ್ ಕೆಮಿಸ್ಟ್, ಐಐಟಿ ಕಾನ್ಪುರದಲ್ಲಿ ಅಧ್ಯಾಪಕರು. ದರ್ಶನ್ ಕೂಡ ಅಲ್ಲೇ ಸಂಶೋಧನೆ ಶುರು ಮಾಡಿದರು. ಆದ್ರೆ ಅವರಿಗೆ ಅಧ್ಯಾಪಕರ ಹುದ್ದೆ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಅಲ್ಲಿ ಅಧ್ಯಾಪಕರಾಗಿರೋ ಹಾಗಿಲ್ಲ ಅನ್ನೋ ನಿಯಮ ಅಡ್ಡ ಬಂತು. ಮಜಾ ಏನಪ್ಪಾ ಅಂದ್ರೆ, ಆ ನಿಯಮವನ್ನ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ! ಅದಕ್ಕೇ ಸುಮಾರು ಎರಡು ದಶಕ ಫೆಲೋಶಿಪ್‌ಗಳ ಮೇಲೇ ನಡೀತು ಜೀವನ.

ಹಾಗಂತ ಕೆಲಸ ನಿಂತಿತಾ? ಇಲ್ಲ. ನಾವು ತಿಂದ ಪ್ರೋಟೀನ್ ಒಡೆದಾಗ ಮೈಯಲ್ಲಿ ಅಮೋನಿಯಾ ಉಂಟಾಗುತ್ತೆ. ಅದು ವಿಷ. ಲಿವರ್ ಅದನ್ನ ಯೂರಿಯಾ ಆಗಿ ಬದಲಾಯಿಸುತ್ತೆ, ಮೂತ್ರದಲ್ಲಿ ಹೊರಗೆ ಹೋಗುತ್ತೆ. ಪ್ರಕೃತಿಯ ಈ ಯೂರಿಯಾ ಚಕ್ರದ ಮಾದರಿಯನ್ನ ದರ್ಶನ್ ಲ್ಯಾಬ್‌ನಲ್ಲಿ ನಡೆಸಿ ತೋರಿಸಿದರು. ಆಮೇಲೆ ಪ್ರೋಟೀನಿನ ಚಿಕ್ಕ ಚಿಕ್ಕ ತುಣುಕುಗಳನ್ನ ತಾವೇ ವಿನ್ಯಾಸ ಮಾಡಿದರು. ಅವು ಒಂದರ ಮೇಲೊಂದು ತಾವಾಗೇ ಕೂತು ಅತಿ ಸಣ್ಣ ಕೊಳವೆಗಳಾಗ್ತಿದ್ದವು.

ಸರಿ, ಕಣ್ಣಿಗೇ ಕಾಣದ ಕೊಳವೆ ನಿಜವಾಗ್ಲೂ ಆಗಿದೆ ಅಂತ ತೋರಿಸೋದು ಹೇಗೆ? ಆ ವಸ್ತುವನ್ನ ಹರಳು ಮಾಡಿ, ಎಕ್ಸ್-ರೇ ಹಾಯಿಸಿ, ಕಿರಣ ಚೆದುರೋ ರೀತಿಯಿಂದ ಪ್ರತಿ ಅಣು ಎಲ್ಲಿದೆ ಅಂತ ಲೆಕ್ಕ ಹಾಕಬೇಕು. ಈ ಕೆಲಸದಲ್ಲಿ ದರ್ಶನ್ ಜೊತೆ ಕೈಜೋಡಿಸಿದ್ದು ವಾಷಿಂಗ್ಟನ್‌ನ ನೌಕಾ ಸಂಶೋಧನಾಲಯದ ಇಸಾಬೆಲ್ಲಾ ಕಾರ್ಲ್. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಜೊತೆಗೂ ವರ್ಷಗಟ್ಟಲೆ ಕೆಲಸ ಮಾಡಿದವರು ಇವರೇ.

ಇಸಾಬೆಲ್ಲಾ ಕಥೆಯೂ ಕೇಳಿ. ಹರಳಿನ ರಚನೆ ಕಂಡುಹಿಡಿಯೋ ಗಣಿತದ ವಿಧಾನಕ್ಕೆ 1985ರಲ್ಲಿ ನೊಬೆಲ್ ಬಂತು. ಪಡೆದವರು ಅವರ ಪತಿ ಜೆರೋಮ್ ಕಾರ್ಲ್ ಮತ್ತು ಹರ್ಬರ್ಟ್ ಹಾಪ್ಟ್‌ಮನ್. ಆ ಗಣಿತ ನಿಜವಾದ ಹರಳುಗಳ ಮೇಲೆ ಕೆಲಸ ಮಾಡುತ್ತೆ ಅಂತ ಮಾಡಿ ತೋರಿಸಿದ್ದು ಇಸಾಬೆಲ್ಲಾ. ಬಹುಮಾನದಲ್ಲಿ ಅವರ ಹೆಸರಿಲ್ಲ. ಒಬ್ಬರಿಗೆ ಹುದ್ದೆ ಸಿಗಲಿಲ್ಲ, ಇನ್ನೊಬ್ಬರಿಗೆ ಬಹುಮಾನ. ಆದ್ರೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಒಟ್ಟಿಗೇ ಅಚ್ಚಾಗಿದೆ.

1990ರ ದಶಕದಲ್ಲಿ ದರ್ಶನ್ ಮೊದಲು ತಿರುವನಂತಪುರ, ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದರು. 1999ರಲ್ಲಿ ತೃತೀಯ ಜಗತ್ತಿನ ವಿಜ್ಞಾನ ಅಕಾಡೆಮಿಯ ರಸಾಯನಶಾಸ್ತ್ರ ಪ್ರಶಸ್ತಿ ಬಂತು. ಅಷ್ಟರಲ್ಲಿ ಸ್ತನ ಕ್ಯಾನ್ಸರ್. 2001ರ ಜೂನ್ 4ರಂದು ತೀರಿಕೊಂಡರು. ಅವತ್ತು ಅವರಿಗೆ ಅರವತ್ತು ತುಂಬಿದ ದಿನ.

ಭಾರತದ ಮಹಿಳಾ ವಿಜ್ಞಾನಿಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ‘ಲೀಲಾವತೀಸ್ ಡಾಟರ್ಸ್’ ಅನ್ನೋ ಪುಸ್ತಕ ತಂತು. ಅದರಲ್ಲಿ ದರ್ಶನ್ ಬಗ್ಗೆ ಬರೆದಿರೋದು ಅವರ ಪತಿಯೇ.

ಬರೆದಿಟ್ಟ ನಿಯಮ ಆದ್ರೆ ಕೋರ್ಟಿಗೆ ಹೋಗಬಹುದು, ಬದಲಾಯಿಸಿ ಅಂತ ಅರ್ಜಿ ಹಾಕಬಹುದು. ಬರೆಯದೇ ಇರೋ ನಿಯಮಕ್ಕೆ ಅರ್ಜಿ ಕೊಡೋದು ಯಾರಿಗೆ? ನಿಮ್ಮ ಕಾಲೇಜು, ಆಫೀಸಲ್ಲಿ ಯಾರಾದ್ರೂ ‘ಇಲ್ಲಿ ಮೊದ್ಲಿಂದ ಹೀಗೇ’ ಅಂದ್ರೆ ಒಂದೇ ಒಂದು ಪ್ರಶ್ನೆ ಕೇಳಿ: ಎಲ್ಲಿ ಬರೆದಿದೆ, ತೋರಿಸಿ?

ಮುಂದಿನ ವಾರ ಸಿಗೋಣ.