ಕುರ್ಚಿ ಕಂಪನಿಯ ಹಾಡುಗಳು: ಪ್ಯಾರಾಮೌಂಟ್ ರೆಕಾರ್ಡ್ಸ್ ಕುರಿತು ಒಂದು ಟಿಪ್ಪಣಿ

ಆಫ್ರಿಕನ್-ಅಮೆರಿಕನ್ನರ ಬ್ಲೂಸ್ ಸಂಗೀತದ ಚರಿತ್ರೆ ಬರೆದವರು ಪ್ಯಾರಾಮೌಂಟ್ ರೆಕಾರ್ಡ್ಸ್ ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆ ಒಂದೇ. ಸಂಗೀತದ ಗಂಧಗಾಳಿಯಿಲ್ಲದ ಪೀಠೋಪಕರಣ ಕಂಪನಿಯೊಂದು ತಾನು ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಕಳೆದ ಶತಮಾನದ ಅತ್ಯುತ್ತಮ ಹಾಡುಗಾರಿಕೆಯ ಒಂದು ಪಾಲನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿತು ಎಂಬುದು. ಮಾಲೀಕರ ಮಟ್ಟಿಗೆ ಈ ಮಾತು ಸರಿ. ಆದರೆ ಹಾಡುಗಳನ್ನು ಆರಿಸಿದವರು ಮಾಲೀಕರಲ್ಲ. ಯಾರನ್ನು ಹಾಡಿಸಬೇಕೆಂದು ತೀರ್ಮಾನಿಸಿದವರು ಬೇರೆ ಊರುಗಳಲ್ಲಿ ಕೂತಿದ್ದರು. ಅವರಿಗೆ ಚೆನ್ನಾಗಿಯೇ ತಿಳಿದಿತ್ತು. ಈ ಟಿಪ್ಪಣಿ ಅವರ ಕಡೆಗೆ ಗಮನ ಸೆಳೆಯಲು.

ಹೆಸರು ಒಂದೇ ಆದರೂ ಹಾಲಿವುಡ್‌ನ ಚಿತ್ರಸಂಸ್ಥೆಗೂ ಈ ಲೇಬಲ್‌ಗೂ ಸಂಬಂಧವಿಲ್ಲ. ಇದರ ಮೂಲ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಶಿಗನ್ ಸರೋವರದ ದಂಡೆಯ ಪೋರ್ಟ್ ವಾಷಿಂಗ್ಟನ್ ಪಟ್ಟಣದಲ್ಲಿದ್ದ ವಿಸ್ಕಾನ್ಸಿನ್ ಚೇರ್ ಕಂಪನಿ. 1888ರಲ್ಲಿ ಶುರುವಾದ ಈ ಕಂಪನಿ ಕುರ್ಚಿಗಳನ್ನು ಮಾಡುತ್ತಿತ್ತು. ಮುಂದೆ ಎಡಿಸನ್ ಕಂಪನಿಯ ಫೋನೋಗ್ರಾಫ್‌ಗಳಿಗೆ ಮರದ ಪೆಟ್ಟಿಗೆ ಮಾಡಿಕೊಟ್ಟಿತು. ಪೆಟ್ಟಿಗೆ ಮಾಡುವವರು ಯಂತ್ರವನ್ನೇ ಏಕೆ ಮಾರಬಾರದು, ಯಂತ್ರ ಮಾರುವವರು ರೆಕಾರ್ಡನ್ನೂ ಏಕೆ ಕೊಡಬಾರದು ಎಂಬ ವ್ಯಾಪಾರಿ ಲೆಕ್ಕದಲ್ಲಿ 1917ರಲ್ಲಿ ನ್ಯೂಯಾರ್ಕ್ ರೆಕಾರ್ಡಿಂಗ್ ಲ್ಯಾಬೊರೇಟರೀಸ್ ಎಂಬ ಅಂಗಸಂಸ್ಥೆ ಹುಟ್ಟಿತು. ಹೆಸರು ನ್ಯೂಯಾರ್ಕಿನದು, ನೋಂದಣಿ ವಿಸ್ಕಾನ್ಸಿನ್‌ದು. ತಟ್ಟೆ ಅಚ್ಚಾಗುತ್ತಿದ್ದುದು ಪಕ್ಕದ ಗ್ರಾಫ್ಟನ್ ಊರಿನ ಕಾರ್ಖಾನೆಯಲ್ಲಿ.

ಮೊದಲ ಐದು ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೃತ್ಯಗೀತೆ, ಬ್ಯಾಂಡ್ ಸಂಗೀತ, ಜನಾಂಗೀಯ ನಗೆಹಾಡು. ವಿಕ್ಟರ್, ಕೊಲಂಬಿಯಾದಂಥ ದೊಡ್ಡವರು ಮಾಡುತ್ತಿದ್ದುದರ ಕಳಪೆ ನಕಲು. ವ್ಯಾಪಾರ ಕುದುರಲಿಲ್ಲ.

ತಿರುವು ಬಂದದ್ದು ಹೊರಗಿನಿಂದ. 1920ರಲ್ಲಿ ಓಕೆ ಕಂಪನಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಹೊರತಂದಾಗ, ಕಪ್ಪು ಜನರು ತಮ್ಮವರ ದನಿಗೆ ದುಡ್ಡು ಕೊಡುತ್ತಾರೆಂಬುದು ಉದ್ಯಮಕ್ಕೆ ಗೊತ್ತಾಯಿತು. ಪ್ಯಾರಾಮೌಂಟ್ 1922ರಲ್ಲಿ ಆಫ್ರಿಕನ್-ಅಮೆರಿಕನ್ ಕೊಳ್ಳುಗರಿಗೆಂದೇ 12000ದಿಂದ ಸಂಖ್ಯೆ ಕೊಟ್ಟು ಪ್ರತ್ಯೇಕ ಸರಣಿ ತೆರೆಯಿತು. ಅಂಥವನ್ನು ಆಗ ‘ರೇಸ್ ರೆಕಾರ್ಡ್ಸ್’ ಎನ್ನುತ್ತಿದ್ದರು. ಬೆಲೆ 75 ಸೆಂಟ್. ದೊಡ್ಡ ಅಂಗಡಿಗಳಲ್ಲಿ ಜಾಗ ಸಿಗದ ಕಂಪನಿ ಅಂಚೆಯನ್ನು ನಂಬಿತು. ‘ಷಿಕಾಗೊ ಡಿಫೆಂಡರ್’ ಪತ್ರಿಕೆಯಲ್ಲಿ ಚಿತ್ರಸಹಿತ ಜಾಹೀರಾತು ಹಾಕಿತು. ಆ ಪತ್ರಿಕೆ ದಕ್ಷಿಣದ ರಾಜ್ಯಗಳ ಕಪ್ಪು ಓದುಗರಿಗೆ ರೈಲಿನಲ್ಲಿ ತಲುಪುತ್ತಿತ್ತು. ಅದರ ಹಿಂದೆಯೇ ತಟ್ಟೆಗಳೂ ಹೋದವು.

1923ರಲ್ಲಿ ಜೆ. ಮೇಯೊ ವಿಲಿಯಮ್ಸ್ ಬಂದ. ಬ್ರೌನ್ ವಿಶ್ವವಿದ್ಯಾಲಯದ ಪದವೀಧರ, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರರಲ್ಲೊಬ್ಬ. ಷಿಕಾಗೊದಲ್ಲಿ ಗಾಯಕರನ್ನು ಹುಡುಕಿ, ಪರೀಕ್ಷಿಸಿ, ಹಾಡಿಸುವ ಹೊಣೆ ಅವನದು. ಬ್ಲೂಸ್ ಗಾಯಕಿ ಮಾ ರೇನಿ ಆ ವರ್ಷದ ಡಿಸೆಂಬರ್‌ನಲ್ಲಿ ಮೊದಲ ಸಲ ಹಾಡಿದಳು. 1928ರ ಹೊತ್ತಿಗೆ ಅವಳ 90ಕ್ಕೂ ಹೆಚ್ಚು ಹಾಡುಗಳಾದವು. 1926ರಲ್ಲಿ ಟೆಕ್ಸಾಸ್‌ನ ಕುರುಡ ಗಾಯಕ ಬ್ಲೈಂಡ್ ಲೆಮನ್ ಜೆಫರ್ಸನ್ ಒಂಟಿ ಗಿಟಾರ್ ಹಿಡಿದು ಹಾಡಿದ ತಟ್ಟೆಗಳು ಭರ್ಜರಿಯಾಗಿ ಮಾರಾಟವಾದವು. ಅಲ್ಲಿಯವರೆಗೆ ಬ್ಲೂಸ್ ರೆಕಾರ್ಡ್ ಎಂದರೆ ಹೆಚ್ಚಾಗಿ ರಂಗದ ಗಾಯಕಿಯರದು. ಹಳ್ಳಿಯ ಗಂಡಸೊಬ್ಬ ತನ್ನ ಪಾಡಿಗೆ ಹಾಡಿಕೊಂಡದ್ದೂ ಮಾರಾಟವಾಗಬಲ್ಲದು ಎಂಬ ಧೈರ್ಯ ಉದ್ಯಮಕ್ಕೆ ಬಂದದ್ದು ಜೆಫರ್ಸನ್‌ನಿಂದ.

ವಿಲಿಯಮ್ಸ್‌ನನ್ನು ನಾಯಕನನ್ನಾಗಿಸುವುದು ಸುಲಭ, ನಾನು ಹಿಂಜರಿಯುತ್ತೇನೆ. ಅವನ ಆದಾಯ ಹೆಚ್ಚಾಗಿ ಹಾಡುಗಳ ಹಕ್ಕು ಹಿಡಿದಿದ್ದ ಷಿಕಾಗೊ ಮ್ಯೂಸಿಕ್ ಪಬ್ಲಿಷಿಂಗ್ ಕಂಪನಿಯ ಮೂಲಕ ಬರುತ್ತಿತ್ತು. ಗಾಯಕರಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಒಂದು ಸಲದ ಇಡಿಗಂಟು ಹಣ. ರಾಯಧನ ಬಹುಪಾಲು ಅವರ ಕೈಸೇರಲಿಲ್ಲ. ಕೆಲವು ಹಾಡುಗಳ ಕರ್ತೃಗಳ ಸಾಲಿನಲ್ಲಿ ವಿಲಿಯಮ್ಸ್‌ನ ಹೆಸರೂ ಕಾಣುತ್ತದೆ. ಬಿಳಿಯರ ಕಂಪನಿಯಲ್ಲಿ ಅವನ ಸ್ಥಾನವೂ ಭದ್ರವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಹಾಗೆಂದು ಆ ಲೆಕ್ಕವನ್ನು ಮುಚ್ಚಿಡಲೂ ಬಾರದು. 1927ರಲ್ಲಿ ಅವನು ಬಿಟ್ಟುಹೋದ ಮೇಲೆ ಕೆಲಸವನ್ನು ಕೆಲಕಾಲ ನಡೆಸಿದವಳು ಅವನ ಕಾರ್ಯದರ್ಶಿ ಅಲೀಥಾ ಡಿಕರ್ಸನ್. ಅವಳ ಬಗ್ಗೆ ನಮ್ಮ ಪುಸ್ತಕಗಳು ಅಡಿಟಿಪ್ಪಣಿಗಿಂತ ಹೆಚ್ಚು ಜಾಗ ಕೊಟ್ಟಿಲ್ಲ.

ಇದೇ ಅವಧಿಯ ಇನ್ನೊಂದು ಘಟನೆ ಕಂಪನಿಯ ಸ್ವಭಾವವನ್ನು ತೋರಿಸುತ್ತದೆ. ಹ್ಯಾರಿ ಪೇಸ್ 1921ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಬ್ಲ್ಯಾಕ್ ಸ್ವಾನ್ ಕಪ್ಪು ಜನರೇ ಒಡೆಯರಾಗಿದ್ದ ಲೇಬಲ್. ಒಪೆರಾ, ಶಾಸ್ತ್ರೀಯ ಗಾಯನವನ್ನೂ ಹೊರತಂದಿತ್ತು. ಅದು ಸೋತಾಗ, 1924ರಲ್ಲಿ, ಅದರ ಹಾಡುಗಳ ಪಟ್ಟಿಯನ್ನು ಪ್ಯಾರಾಮೌಂಟ್ ವಹಿಸಿಕೊಂಡಿತು. ಮಾರಾಟವಾಗುವ ಬ್ಲೂಸ್ ಉಳಿಯಿತು. ಪೇಸ್‌ನ ಉದ್ದೇಶ ಉಳಿಯಲಿಲ್ಲ.

ಮಿಸಿಸಿಪ್ಪಿ ಕಡೆಯ ಗಾಯಕರು ಸಿಕ್ಕಿದ್ದು ಎಚ್. ಸಿ. ಸ್ಪಿಯರ್ ಎಂಬ ಬಿಳಿಯ ವ್ಯಾಪಾರಿಯಿಂದ. ಜ್ಯಾಕ್ಸನ್ ಪಟ್ಟಣದಲ್ಲಿ ಕಪ್ಪು ಗಿರಾಕಿಗಳೇ ಹೆಚ್ಚಾಗಿ ಬರುತ್ತಿದ್ದ ಸಂಗೀತದಂಗಡಿ ಅವನದು. ಯಾವ ತಟ್ಟೆ ಕೇಳಿ ಬರುತ್ತಾರೆಂಬುದು ಅಂಗಡಿಯ ಗಲ್ಲಾದ ಹಿಂದೆ ಕೂತವನಿಗೆ ದಿನವೂ ತಿಳಿಯುತ್ತಿತ್ತು. ಅವನು ಕಳಿಸಿದ ಚಾರ್ಲಿ ಪ್ಯಾಟನ್ 1929ರ ಜೂನ್‌ನಲ್ಲಿ ಇಂಡಿಯಾನಾದ ರಿಚ್ಮಂಡ್‌ನಲ್ಲಿ, ಬೇರೊಂದು ಕಂಪನಿಯ ಸ್ಟುಡಿಯೊದಲ್ಲಿ, ಪ್ಯಾರಾಮೌಂಟ್‌ಗಾಗಿ ಮೊದಲು ಹಾಡಿದ. ಒಂದು ತಟ್ಟೆಯಲ್ಲಿ ಅವನ ಹೆಸರನ್ನೇ ಮರೆಮಾಡಿ ‘ಮುಖವಾಡದ ಅದ್ಭುತ’ ಎಂದು ಬಿಡುಗಡೆ ಮಾಡಿ, ಗಾಯಕ ಯಾರೆಂದು ಸರಿಯಾಗಿ ಊಹಿಸಿದವರಿಗೆ ಒಂದು ತಟ್ಟೆ ಉಚಿತವೆಂದರು. ಜನ ದನಿಯಿಂದಲೇ ಗುರುತಿಸಬಲ್ಲಷ್ಟು ಪ್ಯಾಟನ್ ಆಗಲೇ ಪರಿಚಿತನಾಗಿದ್ದ ಎಂಬುದಕ್ಕೆ ಈ ಸ್ಪರ್ಧೆಯೇ ಸಾಕ್ಷ್ಯ.

1929ರಲ್ಲಿ ಗ್ರಾಫ್ಟನ್‌ನಲ್ಲೇ ಸ್ಟುಡಿಯೊ ಆಯಿತು. 1930ರಲ್ಲಿ ಪ್ಯಾಟನ್ ಜತೆ ಸನ್ ಹೌಸ್, ವಿಲ್ಲಿ ಬ್ರೌನ್, ಪಿಯಾನೊ ನುಡಿಸುವ ಲೂಯೀಸ್ ಜಾನ್ಸನ್ ಅಲ್ಲಿಗೆ ಬಂದರು. ತಟ್ಟೆಯ ಒಂದು ಬದಿಗೆ ಮೂರು ನಿಮಿಷದಷ್ಟೇ ಜಾಗ. ಹೌಸ್ ಹಾಡು ಅದಕ್ಕೆ ಬಗ್ಗಲಿಲ್ಲ. ಅವನ ‘ಪ್ರೀಚಿನ್ ದ ಬ್ಲೂಸ್’ ಒಂದನೇ ಭಾಗ, ಎರಡನೇ ಭಾಗವೆಂದು ತಟ್ಟೆಯ ಎರಡೂ ಬದಿ ಹಿಡಿಯಿತು. 1931ರ ಫೆಬ್ರವರಿಯಲ್ಲಿ ಸ್ಕಿಪ್ ಜೇಮ್ಸ್ ಗಿಟಾರ್, ಪಿಯಾನೊ ಎರಡನ್ನೂ ನುಡಿಸಿ ಹಾಡಿದ. ಅವನವು 18 ಹಾಡುಗಳು ಹೊರಬಂದವು. ಕೊಳ್ಳುವವರಿರಲಿಲ್ಲ. ಆರ್ಥಿಕ ಕುಸಿತದಲ್ಲಿ ಅಮೆರಿಕದ ರೆಕಾರ್ಡ್ ಮಾರಾಟ 1927ರ ಸುಮಾರು 10 ಕೋಟಿ ತಟ್ಟೆಗಳಿಂದ 1932ಕ್ಕೆ ಸುಮಾರು 60 ಲಕ್ಷಕ್ಕೆ ಇಳಿದಿತ್ತು. ಆ ವರ್ಷವೇ ಪ್ಯಾರಾಮೌಂಟ್ ಧ್ವನಿಮುದ್ರಣ ನಿಲ್ಲಿಸಿತು.

ತಟ್ಟೆಗಳ ಗುಣಮಟ್ಟ ಕೆಟ್ಟದ್ದೆಂಬ ದೂರು ಸುಳ್ಳಲ್ಲ. ಆ ಕಾಲದ ತಟ್ಟೆಗಳಿಗೆ ಅರಗು ಹೋಗುತ್ತಿದ್ದುದು ಮುಖ್ಯವಾಗಿ ಭಾರತದಿಂದ, ಛೋಟಾನಾಗಪುರದ ಮುತ್ತುಗ ಮತ್ತು ಕುಸುಮ್ ಮರಗಳಿಂದ ಕಲ್ಕತ್ತೆಯ ಮೂಲಕ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಇದೇ ಜಾತಿಯ ಅರಗು. ಅರಗು ದುಬಾರಿ, ಅದಕ್ಕೆ ಬೆರೆಸುವ ಪುಡಿ ಅಗ್ಗ. ಗ್ರಾಫ್ಟನ್‌ನಲ್ಲಿ ಅಗ್ಗದ್ದು ಮೇಲುಗೈಯಾಯಿತು. ಹೊಸ ತಟ್ಟೆಯೂ ಹುರಿದಂತೆ ಚಟಪಟ ಎನ್ನುತ್ತಿತ್ತು.

ಇನ್ನು ಸಾಕ್ಷ್ಯದ ಪ್ರಶ್ನೆ. ಲೋಹದ ಮೂಲ ಅಚ್ಚುಗಳಲ್ಲಿ ಬಹುಪಾಲು ಗುಜರಿಗೆ ಹೋದವು. ಧ್ವನಿಮುದ್ರಣದ ಲೆಕ್ಕಪುಸ್ತಕಗಳೂ ಉಳಿಯಲಿಲ್ಲ. ಕೆಲಸ ಕಳೆದುಕೊಂಡ ನೌಕರರು ತಟ್ಟೆಗಳನ್ನು ಮಿಲ್ವಾಕಿ ನದಿಗೆ ಎಸೆದರೆಂಬ ಕಥೆ ಬಹಳ ಜನಪ್ರಿಯ. ಟೆಲಿವಿಷನ್ ಕಾರ್ಯಕ್ರಮವೊಂದಕ್ಕಾಗಿ ಮುಳುಗುಗಾರರು ನದಿಯಲ್ಲಿ ಹುಡುಕಿದರು, ತಟ್ಟೆ ಸಿಗಲಿಲ್ಲ. ಸಿಗದ್ದರಿಂದ ಕಥೆ ಸುಳ್ಳಾಗುವುದಿಲ್ಲ, ಆದರೆ ಅದನ್ನು ಆಧಾರವೆಂದು ಬಳಸುವಂತಿಲ್ಲ.

ಹೀಗಾಗಿ ಈ ಲೇಬಲ್‌ನ ಕಾಲಾನುಕ್ರಮವನ್ನು ಕಟ್ಟಿರುವುದು ಹೆಚ್ಚಾಗಿ ತಟ್ಟೆಗಳಿಂದಲೇ. ನಡುವಿನ ಬರಿಜಾಗದಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆ ಹಾಡಿದ ಕ್ರಮವನ್ನು ಹೇಳುತ್ತದೆ. ‘ಎಲ್’ ಅಕ್ಷರ ಗ್ರಾಫ್ಟನ್ ಸ್ಟುಡಿಯೊದ ಗುರುತು. ಡಿಫೆಂಡರ್ ಜಾಹೀರಾತುಗಳು ಬಿಡುಗಡೆಯ ಕಾಲವನ್ನು ಕೊಡುತ್ತವೆ. 1960ರ ದಶಕದಲ್ಲಿ ಹೌಸ್, ಜೇಮ್ಸ್ ಮತ್ತೆ ಪತ್ತೆಯಾದ ಮೇಲೆ ಕೊಟ್ಟ ಸಂದರ್ಶನಗಳು ಮೂರನೆಯ ಆಧಾರ, ಮೂರು ದಶಕದ ಹಿಂದಿನ ನೆನಪಿಗಿರುವ ಮಿತಿಗಳೊಂದಿಗೆ. ವಿಲ್ಲಿ ಬ್ರೌನ್‌ನ 13099ನೇ ಸಂಖ್ಯೆಯ ತಟ್ಟೆಯ ಒಂದು ಪ್ರತಿಯೂ ಈವರೆಗೆ ಸಂಗ್ರಾಹಕರ ಕೈಗೆ ಬಂದಿಲ್ಲ. ಇನ್ನೊಬ್ಬ ಬ್ಲೂಸ್ ಗಾಯಕ ಟಾಮಿ ಜಾನ್ಸನ್‌ನ ಒಂದು ಪ್ಯಾರಾಮೌಂಟ್ ತಟ್ಟೆಗೆ 2013ರಲ್ಲಿ ಸಂಗ್ರಾಹಕರೊಬ್ಬರು 37,100 ಡಾಲರ್ ತೆತ್ತರು. ಅದೇ ವರ್ಷ ಮತ್ತು ಮರುವರ್ಷ ರಾಕ್ ಸಂಗೀತಗಾರ ಜ್ಯಾಕ್ ವೈಟ್‌ನ ಥರ್ಡ್ ಮ್ಯಾನ್ ಮತ್ತು ರೆವೆನಂಟ್ ಸಂಸ್ಥೆಗಳು ಎರಡು ಸಂಪುಟಗಳಲ್ಲಿ, ಒಂದೊಂದರಲ್ಲೂ 800 ಹಾಡುಗಳಂತೆ, ಪ್ಯಾರಾಮೌಂಟನ್ನು ಮರುಪ್ರಕಟಿಸಿದವು. ಅವುಗಳ ಧ್ವನಿಗೆ ಆಧಾರ ಬಹುತೇಕ ಸಂಗ್ರಾಹಕರ ಕಪಾಟಿನ ಸವೆದ ತಟ್ಟೆಗಳು. ಕಾನೂನಿನ ಹಕ್ಕಿನ ದಾರಿಯೇ ಬೇರೆ: ಅದು 1940ರ ದಶಕದ ಕೊನೆಯಲ್ಲಿ ಷಿಕಾಗೊದ ಜಾಝ್ ಸಂಗ್ರಾಹಕ ಜಾನ್ ಸ್ಟೈನರ್‌ಗೆ, ಅಲ್ಲಿಂದ 1970ರಲ್ಲಿ ಜಾರ್ಜ್ ಬಕ್‌ಗೆ ಹೋಯಿತು. ಹಾಡಿದವರು ಆ ಕೈಬದಲಿನಲ್ಲಿ ಎಲ್ಲೂ ಪಾಲುದಾರರಾಗಿರಲಿಲ್ಲ.