ಏರಿಯ ಕಲ್ಲು, ಧರ್ಮಸಭೆಯ ಚರಿತ್ರೆ

ಹಂಪಿಗೆ ಅಧ್ಯಯನ ಪ್ರವಾಸ ಹೋಗುವ ಗುರುಅಭ್ಯರ್ಥಿಗಳು ವಿಜಯನಗರ ಕಾಲದ ಚರ್ಚು ಎಲ್ಲಿದೆಯೆಂದು ಕೇಳುವುದುಂಟು. ಅಂತಹ ಕಟ್ಟಡವನ್ನು ಅಲ್ಲಿ ತೋರಿಸಲಾಗದು. ಆದರೆ ಕ್ರೈಸ್ತ ಕಲ್ಲುಕುಟಿಗನೊಬ್ಬನ ಹೆಸರು ಅಲ್ಲಿಯ ಕೆರೆಯೊಂದರ ಏರಿಗೆ ಅಂಟಿಕೊಂಡಿದೆ.

ಕೃಷ್ಣದೇವರಾಯನು (1509–1529) ನಾಗಲಾಪುರವನ್ನು, ಅಂದರೆ ಇಂದಿನ ಹೊಸಪೇಟೆಯನ್ನು, ಕಟ್ಟಿಸಿದಾಗ ಸಂಡೂರು ಬೆಟ್ಟಗಳ ಕಣಿವೆಗೆ ಅಡ್ಡಲಾಗಿ ಹಿರಿದಾದ ಏರಿಯನ್ನು ಹಾಕಿಸಿದನು. ಅದಕ್ಕಾಗಿ ಗೋವೆಯ ಪೋರ್ಚುಗೀಸ್ ಅಧಿಕಾರಿಯು ಜೋವಾವೊ ದೆಲಾ ಪೊಂಟೆ ಎಂಬ ನಿಪುಣನನ್ನು ಕಳುಹಿಸಿದನೆಂದು ನ್ಯೂನಿಜ್ ಬರೆದಿದ್ದಾನೆ. ಅವನು ಸುಣ್ಣವನ್ನು ಕೇಳಿದಾಗ ಅರಸನು ನಕ್ಕನಂತೆ. ಸುಮಾರು 1520ರಲ್ಲಿ ಬಂದ ಪಾಯಸ್ ಅಲ್ಲಿ 15ರಿಂದ 20 ಸಾವಿರ ಜನರು ಇರುವೆಗಳಂತೆ ದುಡಿಯುವುದನ್ನು ಕಂಡನು. ಏರಿ ಮತ್ತೆ ಮತ್ತೆ ಒಡೆದಾಗ 60 ಮಂದಿಯನ್ನು ಬಲಿ ಕೊಡಲಾಯಿತೆಂದೂ ಅವನು ಹೇಳುತ್ತಾನೆ; ಬಲಿಯಾದವರು ಮರಣದಂಡನೆಗೆ ಗುರಿಯಾಗಿದ್ದ ಸೆರೆಯಾಳುಗಳೆಂದು ನ್ಯೂನಿಜ್ ಬರೆದಿದ್ದಾನೆ. ಕೊನೆಗೆ ಏರಿ ನಿಂತಿತು. ಕಾಲುವೆಗಳ ನೀರು ಗದ್ದೆ, ತೋಟಗಳಿಗೆ ಹರಿಯಿತು. ಆ ಭೂಮಿಗೆ 9 ವರ್ಷ ತೆರಿಗೆಯಿರಲಿಲ್ಲವೆಂದು ನ್ಯೂನಿಜ್ ತಿಳಿಸುತ್ತಾನೆ.

ಗೋಪುರ, ಪೀಠಗಳನ್ನಷ್ಟೇ ಎಣಿಸುವ ಚರಿತ್ರೆಗೆ ಈ ಏರಿ ಕಾಣದು. ಅನ್ಯಮತೀಯರ ಹೊಲಕ್ಕೆ ನೀರುಣಿಸಿದ ದುಡಿಮೆಯೂ ಕ್ರೈಸ್ತ ಸಾಕ್ಷ್ಯವೇ. ಹಾಗೆಂದು ಕುಟಿಗನನ್ನು ಹೊಗಳಿ ಸೆರೆಯಾಳುಗಳನ್ನು ಮರೆಯುವಂತಿಲ್ಲ. ಅಲ್ಲಿ ಅವನ ಹೆಸರು ಉಳಿದಿದೆ, ಅವರ ಹೆಸರು ಉಳಿದಿಲ್ಲ. ಪಟ್ಟಣದ ಬಾಗಿಲ ಹೊರಗೆ ಮರಣದಂಡನೆಗೆ ಒಳಗಾದವನನ್ನು ಸಾರುವ ನಾವು ಹೊಸಪೇಟೆಯ ಆ ಏರಿಯ ಮೇಲೆ ನಿಂತಾಗ ಮೊದಲು ನೆನೆಯಬೇಕಾದುದು ಅವರನ್ನೇ.