ಚರ್ಚಿನ ಪಿಯಾನೊ, ಬೀದಿಯ ತಾಳ

1995ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಬ್ರೌನ್ ಶುಗರ್’ ಧ್ವನಿಮುದ್ರಿಕೆಯನ್ನು ಮೊದಲ ಬಾರಿಗೆ ಕೇಳಿದವರಿಗೆ, ಇದು ಹಳೆಯದೋ ಹೊಸದೋ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ದನಿ 70ರ ದಶಕದ್ದು, ತಾಳ 90ರ ದಶಕದ್ದು. ಹಾಡಿದ ಡಿ’ಆಂಜೆಲೊ ಅವರಿಗೆ ಆಗಿನ್ನೂ 21 ವರ್ಷ.

ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ 1974ರಲ್ಲಿ ಹುಟ್ಟಿದ ಅವರ ನಿಜನಾಮ ಮೈಕೆಲ್ ಯೂಜೀನ್ ಆರ್ಚರ್. ತಂದೆ ಪೆಂಟಕೋಸ್ಟಲ್ ಪಂಥದ ಧರ್ಮೋಪದೇಶಕರು. ಮಗನಿಗೆ ಚರ್ಚೇ ಸಂಗೀತದ ಪಾಠಶಾಲೆಯಾಯಿತು. ‘ಸೋಲ್’ ಸಂಗೀತದ ತವರೂ ಅದೇ. 50ರ ದಶಕದಲ್ಲಿ ರೇ ಚಾರ್ಲ್ಸ್‌ರಂಥವರು ಭಕ್ತಿಗೀತೆಯ ಧಾಟಿಗೆ ಪ್ರೇಮದ ಮಾತು ಹೊಂದಿಸಿದರು. ದೇವರ ರಾಗವನ್ನು ಲೋಕದ ಸುಖಕ್ಕೆ ಬಳಸಿದರೆಂದು ಮಡಿವಂತರು ಮುನಿಸಿಕೊಂಡದ್ದೂ ಉಂಟು.

70ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಹಿಪ್ ಹಾಪ್‌ನ ದಾರಿ ಬೇರೆ. ಹಳೆಯ ರೆಕಾರ್ಡುಗಳೇ ಅದರ ವಾದ್ಯ. ಅವುಗಳಿಂದ ಒಂದು ತುಣುಕನ್ನು ಎತ್ತಿಕೊಂಡು, ಮತ್ತೆಮತ್ತೆ ನುಡಿಯುವಂತೆ ಮಾಡಿ, ಅದರ ಮೇಲೆ ಪ್ರಾಸಬದ್ಧ ಮಾತು ಹರಿಸುವುದು ಅದರ ಪದ್ಧತಿ. 1991ರಲ್ಲಿ, ಅನುಮತಿಯಿಲ್ಲದೆ ತುಣುಕು ಬಳಸಿದ ಬಿಜ್ ಮಾರ್ಕಿ ಅವರ ವಿರುದ್ಧ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪು ನೀಡಿದ ಮೇಲೆ ಈ ಎರವಲು ದುಬಾರಿಯಾಯಿತು. ಕಾನೂನಿಗಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು: ಹಿರಿಯರ ಸಂಗೀತ ಹೊಸ ಪೀಳಿಗೆಗೆ ಬರೀ ತುಣುಕುಗಳಾಗಿ ದಕ್ಕಿದರೆ ಸಾಕೇ?

ಡಿ’ಆಂಜೆಲೊ ಇದಕ್ಕೆ ಉತ್ತರವನ್ನು ನುಡಿಸಿಯೇ ತೋರಿಸಿದರು. ಎಲೆಕ್ಟ್ರಿಕ್ ಪಿಯಾನೊ, ಆರ್ಗನ್ ಸೇರಿದಂತೆ ಬಹುಪಾಲು ವಾದ್ಯಗಳು ಅವರದೇ ಕೈಯವು. ಆದರೆ ಅಡಿಯಲ್ಲಿ ಮಿಡಿಯುವ ತಾಳ ಹಿಪ್ ಹಾಪ್‌ನದು. ಶೀರ್ಷಿಕೆ ಗೀತೆಯ ನಿರ್ಮಾಣದಲ್ಲಿ ಕೈಜೋಡಿಸಿದವರು ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ ಅಲಿ ಶಹೀದ್ ಮುಹಮ್ಮದ್. ಹೆಣ್ಣಿನ ವರ್ಣನೆಯಂತೆ ಕೇಳುವ ಆ ಹಾಡಿನ ವಸ್ತು ಗಾಂಜಾ! ಅದೇ ಮುದ್ರಿಕೆಯಲ್ಲಿ ಸ್ಮೋಕಿ ರಾಬಿನ್ಸನ್ ಅವರ 1979ರ ‘ಕ್ರೂಸಿನ್’ ಗೀತೆಯೂ ಇದೆ. ಒಂದು ಕಡೆ ಬೀದಿಯ ತುಂಟತನ, ಇನ್ನೊಂದು ಕಡೆ ಹಿರಿಯರಿಗೆ ನಮಸ್ಕಾರ.

ಅಮೆರಿಕದಲ್ಲಿ ಇದರ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ನಾಲ್ಕು ಗ್ರ್ಯಾಮಿ ನಾಮಕರಣಗಳೂ ಬಂದವು. ಡಿ’ಆಂಜೆಲೊ ಅವರ ವ್ಯವಸ್ಥಾಪಕರಾಗಿದ್ದ ಕೆಡಾರ್ ಮ್ಯಾಸೆನ್‌ಬರ್ಗ್ ಈ ಬಗೆಯ ಸಂಗೀತಕ್ಕೆ ‘ನಿಯೋ ಸೋಲ್’ ಎಂಬ ಹೆಸರಿಟ್ಟರು. 1997ರಲ್ಲಿ ಎರಿಕಾ ಬಡು, 1998ರಲ್ಲಿ ಲಾರಿನ್ ಹಿಲ್ ತಮ್ಮ ಮೊದಲ ಮುದ್ರಿಕೆಗಳಿಂದ ಇದೇ ಹಾದಿಯನ್ನು ಅಗಲಗೊಳಿಸಿದರು. ಹಿಲ್ ಅವರ ಕೃತಿ 1999ರಲ್ಲಿ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿ ಪಡೆಯಿತು.

ಡಿ’ಆಂಜೆಲೊ ಹೆಚ್ಚು ಹಾಡಲಿಲ್ಲ. 2000 ಮತ್ತು 2014ರಲ್ಲಿ ಬಂದ ಇನ್ನೆರಡು ಮುದ್ರಿಕೆಗಳೊಂದಿಗೆ ಒಟ್ಟು ಮೂರೇ. 2025ರ ಅಕ್ಟೋಬರ್ 14ರಂದು, 51ನೇ ವಯಸ್ಸಿನಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಪರಂಪರೆಯನ್ನು ಕತ್ತರಿಸಿ ಅಂಟಿಸಿದರೆ ಸಾಲದು, ಕೂತು ಅಭ್ಯಾಸ ಮಾಡಬೇಕು ಎಂಬ ಹಳೆಯ ಮಾತನ್ನು ಚರ್ಚಿನಲ್ಲಿ ಬೆರಳು ಪಳಗಿಸಿದ ಆ ಹುಡುಗ ಹೊಸ ತಾಳದಲ್ಲಿ ಹೇಳಿದ್ದ.